ಅವಧಾನ, ಗ್ರಹಿಕೆ ಮತ್ತು ಕ್ರಿಯೆ: ಒಂದು ಚಾರಿತ್ರಿಕ ಅವಲೋಕನ

ಗ್ರಹಿಸಿದ ವಸ್ತುವಿನ ಗುಣಗಳಿಗೂ ಅದಕ್ಕೆ ತೋರುವ ಕ್ರಿಯೆಗೂ ನಡುವೆ ಅವಧಾನವು ವಹಿಸುವ ಪಾತ್ರವನ್ನು ಕುರಿತ ವಿಚಾರ ಮನೋವಿಜ್ಞಾನಕ್ಕಿಂತ ಮೊದಲು ಖಗೋಳವಿಜ್ಞಾನದಲ್ಲಿ ಸಮಸ್ಯೆಯಾಗಿ ತಲೆದೋರಿತು. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮ್ಯಾಸ್ಕೆಲಿನ್ ಅವರು ತಮ್ಮ ಸಹಾಯಕ ಡೇವಿಡ್ ಕಿನ್ನೆಬ್ರೂಕ್ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಗಡಿಯಾರದ ಬಡಿತವನ್ನು ಕಿವಿಯಿಂದ ಎಣಿಸುತ್ತ, ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವುದನ್ನು ಕಣ್ಣಿನಿಂದ ಗುರುತಿಸಿ ಕಾಲವನ್ನು ದಾಖಲಿಸುವುದು ಅಂದಿನ ಕ್ರಮ. ಕಿನ್ನೆಬ್ರೂಕ್ ಅವರ ದಾಖಲೆಗಳು ಮ್ಯಾಸ್ಕೆಲಿನ್ ಅವರವುಗಳಿಗಿಂತ ಸುಮಾರು 0.8 ಸೆಕೆಂಡು ತಡವಾಗಿದ್ದವು. ಸಹಾಯಕನು ಸರಿಯಾದ ವಿಧಾನವನ್ನು ಬಿಟ್ಟುದೇ ಇದಕ್ಕೆ ಕಾರಣವೆಂದು ಮ್ಯಾಸ್ಕೆಲಿನ್ ಭಾವಿಸಿದರು.

ಕೋನಿಗ್ಸ್‌ಬರ್ಗಿನ ಖಗೋಳವಿಜ್ಞಾನಿ ಬೆಸೆಲ್ ಅವರು 1820ರ ದಶಕದಲ್ಲಿ ಈ ಪ್ರಕರಣವನ್ನು ಬೇರೆ ದೃಷ್ಟಿಯಿಂದ ಕಂಡರು. ನುರಿತ ವೀಕ್ಷಕರ ನಡುವೆಯೂ ಒಂದು ಸೆಕೆಂಡಿಗೆ ಮೀರಿದ ಅಂತರವಿರಬಹುದೆಂದು ಅವರ ಹೋಲಿಕೆಗಳು ತೋರಿಸಿದವು. ಇದೇ ‘ವೈಯಕ್ತಿಕ ಸಮೀಕರಣ’ವೆಂದು ಹೆಸರಾಯಿತು. 1861ರಲ್ಲಿ ವಿಲ್ಹೆಲ್ಮ್ ವುಂಟ್ ಅವರು ಲೋಲಕವನ್ನೂ ಗಂಟೆಯನ್ನೂ ಬಳಸಿ, ನಾದ ಹಾಗೂ ನೋಟಗಳೆರಡಕ್ಕೂ ಮನಸ್ಸು ಏಕಕಾಲದಲ್ಲಿ ಸಮನಾಗಿ ತೆತ್ತುಕೊಳ್ಳಲಾರದೆಂದು ವಾದಿಸಿದರು. 1888ರಲ್ಲಿ ಅವರ ಶಿಷ್ಯ ಲುಡ್ವಿಗ್ ಲಾಂಗೆ ಅವರು ಮತ್ತೊಂದು ಅಂಶವನ್ನು ಸ್ಪಷ್ಟಪಡಿಸಿದರು: ಅವಧಾನವನ್ನು ಬರಲಿರುವ ಸಂವೇದನೆಯ ಮೇಲಿಡುವುದಕ್ಕಿಂತ ಮಾಡಲಿರುವ ಚಲನೆಯ ಮೇಲಿಟ್ಟಾಗ ಪ್ರತಿಕ್ರಿಯೆ ಸುಮಾರು 0.1 ಸೆಕೆಂಡು ಬೇಗ ಬರುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಶ್ನೆಯು ಕಾಲದಿಂದ ಬಂಧದ ಕಡೆಗೆ ಸರಿಯಿತು. ಬಣ್ಣ, ಆಕಾರ ಮುಂತಾದ ಬಿಡಿ ಗುಣಗಳನ್ನು ಒಂದೇ ವಸ್ತುವಾಗಿ ಕೂಡಿಸಲು ಅವಧಾನವು ಅಗತ್ಯವೆಂದು ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಜೆಲೇಡ್ 1980ರಲ್ಲಿ ಪ್ರತಿಪಾದಿಸಿದರು. 1998ರಲ್ಲಿ ಬರ್ನ್‌ಹಾರ್ಡ್ ಹೊಮೆಲ್ ಅವರು ಈ ವಿಚಾರವನ್ನು ಕ್ರಿಯೆಗೂ ವಿಸ್ತರಿಸಿದರು. ಒಂದು ಆಕಾರವನ್ನು ಕಂಡು ಎಡಗುಂಡಿಯನ್ನು ಒತ್ತಿದವರು ಮರುಕ್ಷಣವೇ ಅದೇ ಆಕಾರವನ್ನು ಕಂಡಾಗ ಬಲಗುಂಡಿಯನ್ನು ಒತ್ತಬೇಕಾಗಿ ಬಂದರೆ ನಿಧಾನಿಸುತ್ತಾರೆ. ಆಕಾರವೂ ಗುಂಡಿಯೂ ಎರಡೂ ಬದಲಾದರೆ ಅಷ್ಟು ತಡವಾಗದು. ಒಮ್ಮೆ ಕೂಡಿದ ಗುಣವೂ ಕ್ರಿಯೆಯೂ ಸ್ವಲ್ಪ ಕಾಲ ಒಂದನ್ನೊಂದು ಎಳೆದುತರುತ್ತವೆ. ಕಾರ್ಯಕ್ಕೆ ಸಂಬಂಧಿಸಿದ್ದೆಂದು ಗಮನಿಸಿದ ಗುಣದಲ್ಲಿ ಈ ಬಂಧದ ಪರಿಣಾಮ ಹೆಚ್ಚು. ಬಂಧ ಏರ್ಪಡುವುದನ್ನೂ ಅದು ಮತ್ತೆ ನೆನಪಿಗೆ ಬರುವುದನ್ನೂ ಪ್ರತ್ಯೇಕ ಪ್ರಕ್ರಿಯೆಗಳಾಗಿ ಪರಿಗಣಿಸಬೇಕೆಂದು ಕ್ರಿಶ್ಚಿಯನ್ ಫ್ರಿಂಗ್ಸ್ ಮತ್ತು ಸಂಗಡಿಗರು 2020ರಲ್ಲಿ ಮಂಡಿಸಿದರು.

ಹೀಗೆ, ಒಬ್ಬ ನೌಕರನ ಜೀವನೋಪಾಯವನ್ನೇ ಕಸಿದ ಅಂತರವು ಮನಸ್ಸಿನ ಸಾಮಾನ್ಯ ಸ್ವಭಾವವನ್ನು ಅರಿಯುವ ದಾರಿಯಾಯಿತು. ಅಳತೆಯಲ್ಲಿ ಕಂಡ ವ್ಯತ್ಯಾಸವನ್ನು ಅಳೆದವನ ದೋಷವೆಂದು ತೀರ್ಮಾನಿಸುವ ಮೊದಲು ಅವಧಾನದ ನಡೆಯನ್ನು ವಿಚಾರಿಸಬೇಕೆಂಬುದು ಈ ಚರಿತ್ರೆಯಿಂದ ದೊರೆಯುವ ಮುಖ್ಯ ವಿವೇಕ.