ಕೋಟಿ ಚೆನ್ನಯ ಪಾಡ್ದನ: ಉಳಿದ ಪಾಠಗಳು, ಅಳಿದ ಪಾಠಗಳು

ಕೋಟಿ ಚೆನ್ನಯ ಪಾಡ್ದನ ತುಳುವಿನ ಪ್ರಸಿದ್ಧ ಮೌಖಿಕ ಕಥನಕಾವ್ಯಗಳಲ್ಲಿ ಒಂದು. ಅವಳಿ ವೀರರಾದ ಕೋಟಿ ಮತ್ತು ಚೆನ್ನಯರ ಹುಟ್ಟು, ಸಾಹಸ, ಸಾವನ್ನು ಇದು ಹಾಡುತ್ತದೆ. ಭಕ್ತರಿಗೆ ಇವರು ‘ಬೈದೆರ್ಲು’. ಇವರ ಆರಾಧನೆಯ ಸ್ಥಳಕ್ಕೆ ಗರಡಿ ಅಥವಾ ಗರೋಡಿ ಎಂದು ಹೆಸರು. ಇವರು ಬದುಕಿದ್ದ ಕಾಲ ಸುಮಾರು 16ನೇ ಶತಮಾನವೆಂದು ಹಲವು ವಿದ್ವಾಂಸರ ಊಹೆ. ಕಾವ್ಯಕ್ಕೆ ಕವಿಯ ಹೆಸರಿಲ್ಲ, ಓಲೆಗರಿಯ ಮೂಲಪ್ರತಿಯೂ ಇಲ್ಲ. ಹಾಗಾಗಿ ಇದರ ಪಾಠಗಳ ಪಟ್ಟಿ ಮಾಡುವುದೆಂದರೆ ಹಾಡಿದವರ, ಹಾಡಿದ ಸಂದರ್ಭದ, ಬರೆದುಕೊಂಡವರ ಪಟ್ಟಿ ಮಾಡಿದಂತೆ.

ಕಥೆಯ ನೆಲ

ಪಾಡ್ದನದ ಘಟನೆಗಳು ನಡೆಯುವುದು ಇಂದಿನ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸೀಮೆಯಲ್ಲಿ. ತಾಯಿ ದೇಯಿ ಬೈದೆತಿ ಮದ್ದು ಬಲ್ಲವಳು. ಪುತ್ತೂರು ತಾಲೂಕಿನ ಪಡುಮಲೆಯ ಬಲ್ಲಾಳನ ಗಾಯವನ್ನು ಅವಳು ವಾಸಿಮಾಡುತ್ತಾಳೆ. ಅಲ್ಲೇ ಅವಳಿಗಳ ಜನನ. ಗದ್ದೆಯ ವಿಷಯಕ್ಕೆ ಎದ್ದ ಜಗಳದಲ್ಲಿ ಎದುರಾಳಿ ಮಲ್ಲಯ್ಯ ಬುದ್ಯಂತನ ಕೊಲೆ ಅವರ ಕೈಯಿಂದ ಆಗುತ್ತದೆ. ಅಣ್ಣ ತಮ್ಮ ಪಡುಮಲೆ ಬಿಟ್ಟು ಅಕ್ಕ ಕಿನ್ನಿದಾರುವಿನ ಊರಾದ ಪಂಜಕ್ಕೆ ಹೋಗಿ ಅಲ್ಲಿ ಸೆರೆಬೀಳುತ್ತಾರೆ, ಅನಂತರ ಎಣ್ಮೂರಿನ ದೇವ ಬಲ್ಲಾಳನ ಆಶ್ರಯಕ್ಕೆ ಹೋಗುತ್ತಾರೆ. ಹಂದಿಬೇಟೆಯ ನೆಪದಲ್ಲಿ ಹೊತ್ತಿಕೊಂಡ ಕಾಳಗದಲ್ಲಿ ಇಬ್ಬರ ಬದುಕೂ ಮುಗಿಯುತ್ತದೆ. ಎಣ್ಮೂರಿನ ಗರಡಿ ಇಂದಿಗೂ ಬೈದೆರ್ಲ ಮುಖ್ಯ ಕ್ಷೇತ್ರಗಳಲ್ಲಿ ಒಂದು.

ಪಾಠಗಳ ಸೂಚಿ ಮಾಡುವವರಿಗೆ ಈ ನೆಲವೇ ಮೊದಲ ತೊಡಕು. ಇಂದಿನ ಪುತ್ತೂರು ತಾಲೂಕು ಬ್ರಿಟಿಷರ ಕಾಲದ ಕಡತಗಳಲ್ಲಿ ಉಪ್ಪಿನಂಗಡಿ ತಾಲೂಕು. ಸುಳ್ಯ 1960ರ ದಶಕದಲ್ಲಿ ಅದರಿಂದ ಬೇರೆಯಾಯಿತು. ಕಡಬ ತಾಲೂಕು ತೀರ ಈಚಿನದು. ಒಂದೇ ಊರಿನಲ್ಲಿ ಸಿಕ್ಕ ಹಾಡು ಮೂರು ತಾಲೂಕುಗಳ ಹೆಸರಿನಲ್ಲಿ ದಾಖಲಾಗಬಹುದು. ಆದ್ದರಿಂದ ತಾಲೂಕಿಗಿಂತ ಗ್ರಾಮ, ಗುತ್ತು, ಗರಡಿಯ ಹೆಸರು ಹೆಚ್ಚು ನಂಬಲರ್ಹ.

ಹಾಡುವ ಬಗೆ

ಪಾಡ್ದನವು ಎರಡು ಕಡೆ ಬಾಳಿದೆ. ಒಂದು, ಭೂತಾರಾಧನೆಯ ಅಂಗಳ. ಅಲ್ಲಿ ನಲಿಕೆ, ಪರವ, ಪಂಬದ ಸಮುದಾಯದವರು ತೆಂಬರೆ ಬಡಿದು ದೈವದ ಕಥೆಯನ್ನು ಹಾಡುತ್ತಾರೆ. ಇದಕ್ಕೆ ‘ಸಂದಿ’ ಎಂದೂ ಹೆಸರು. ಇನ್ನೊಂದು, ಮಳೆಗಾಲದ ಗದ್ದೆ. ಏಣೆಲು ಬೆಳೆಗೆ ನೇಜಿ ನೆಡುವಾಗ ಸಾಲಿನಲ್ಲಿ ಬಾಗಿದ ಹೆಂಗಸರಲ್ಲಿ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ಮರಳಿ ಹಾಡುತ್ತಾರೆ. ಆ ಮರುದನಿ ಮುಗಿಯುವಷ್ಟರಲ್ಲಿ ಕೈಯ ಸಸಿ ಕೆಸರಿಗೆ ಇಳಿದಿರುತ್ತದೆ, ಮುಂದಿನ ಸೊಲ್ಲು ಬಾಯಿಗೆ ಬಂದಿರುತ್ತದೆ. ಹಾಡು ಎಷ್ಟು ಉದ್ದ ಎಂಬುದನ್ನು ಗದ್ದೆಯೇ ತೀರ್ಮಾನಿಸುತ್ತದೆ. ನಾಟಿ ಬೇಗ ಮುಗಿದರೆ ಕಥೆ ನಡುವೆಯೇ ನಿಲ್ಲುತ್ತದೆ.

ಇದರಿಂದಾಗಿ ‘ಪೂರ್ಣ ಪಾಠ’ ಎಂಬ ಮಾತಿಗೆ ಇಲ್ಲಿ ಅರ್ಥ ಬೇರೆ. 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಾಡುಗಾರರ ನಡುವೆ ಕೆಲಸ ಮಾಡಿದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ತೋರಿಸಿಕೊಟ್ಟದ್ದೂ ಇದನ್ನೇ: ಮೌಖಿಕ ಕಾವ್ಯ ಹಾಡಿದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಬರಹಕ್ಕೆ ಇಳಿದದ್ದು

ಪಾಡ್ದನಗಳನ್ನು ಮೊದಲು ಕಾಗದಕ್ಕೆ ಇಳಿಸಿದವರಲ್ಲಿ ಬಾಸೆಲ್ ಮಿಷನ್ನಿನವರು ಮುಖ್ಯರು. ತುಳು ನಿಘಂಟಿನ ಕರ್ತೃ ಆಗಸ್ಟ್ ಮೆನ್ನರ್ ಸಂಗ್ರಹಿಸಿದ ‘ಪಾಡ್ದನೊಳು’ 1886ರಲ್ಲಿ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಮದರಾಸು ಪ್ರಾಂತ್ಯದ ನ್ಯಾಯಾಧೀಶ, ವಿದ್ವಾಂಸ ಎ.ಸಿ. ಬರ್ನೆಲ್ ಕೂಡಿಸಿದ್ದ ತುಳು ಭೂತಗಳ ಸಾಮಗ್ರಿ ಅವರು 1882ರಲ್ಲಿ ತೀರಿಕೊಂಡ ಮೇಲೆ, 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಆರ್.ಸಿ. ಟೆಂಪಲ್ ಅವರ ಸಂಪಾದನೆಯಲ್ಲಿ ಕಂತುಕಂತಾಗಿ ಹೊರಬಂತು. ಕೋಟಿ ಚೆನ್ನಯರ ಕಥೆ ಇಂಗ್ಲಿಷಿಗೆ ಹೋದದ್ದು ಈ ಕಂತುಗಳ ಮೂಲಕ.

ಈ ಕಾಲದ ಸಂಗ್ರಾಹಕರಿಗೆ ಬೇಕಾಗಿದ್ದದ್ದು ಭಾಷೆ ಮತ್ತು ಭೂತಾರಾಧನೆಯ ವಿವರ. ಹಾಡಿದವರು ಯಾರು, ಎಲ್ಲಿಯವರು, ರಾಗ ಯಾವುದು ಎಂಬುದು ಅವರ ಗಮನಕ್ಕೆ ಬಿದ್ದದ್ದು ಕಡಿಮೆ. ಪಠ್ಯ ಉಳಿಯಿತು, ಬಾಯಿ ಅಳಿಯಿತು.

ಪಂಜೆಯವರ ಕಥಾಪುಸ್ತಕ

ಕನ್ನಡ ಓದುಗರ ಮನೆಮನೆಗೆ ಈ ಕಥೆಯನ್ನು ಮುಟ್ಟಿಸಿದವರು ಪಂಜೆ ಮಂಗೇಶರಾಯರು (1874–1937). ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಮಕ್ಕಳ ಪದ್ಯ ಬರೆದ, ‘ಸುವಾಸಿನಿ’ ಪತ್ರಿಕೆಯಲ್ಲಿ ಕನ್ನಡದ ಮೊದಲ ಸಣ್ಣಕತೆಗಳನ್ನು ಪ್ರಕಟಿಸಿದ ಅವರು ‘ಕೋಟಿ ಚೆನ್ನಯ’ವನ್ನು 1924ರಲ್ಲಿ ಕನ್ನಡ ಗದ್ಯಕ್ಕೆ ತಂದರು. ಪಂಜೆಯವರು ಹುಟ್ಟಿದ್ದು ಬಂಟ್ವಾಳದಲ್ಲಿ. ಅವರ ಮನೆತನದ ಹೆಸರು ಮಾತ್ರ ಪಾಡ್ದನದ ವೀರರು ಸೆರೆಬಿದ್ದ ಅದೇ ಪಂಜ ಊರಿನದು.

ಜನಪ್ರಿಯ ಪುಸ್ತಕವೊಂದು ಮೌಖಿಕ ಪರಂಪರೆಯ ಮೇಲೆ ಬೀರುವ ಪ್ರಭಾವಕ್ಕೆ ಇದು ಒಳ್ಳೆಯ ಉದಾಹರಣೆ. ತುಳು ಬಾರದವರಿಗೂ ಕಥೆ ತಲುಪಿತು. ಅದರ ಜೊತೆಗೆ ಘಟನೆಗಳ ಒಂದು ಕ್ರಮ ಎಲ್ಲರ ಮನಸ್ಸಿನಲ್ಲಿ ಗಟ್ಟಿಯಾಯಿತು. ಆಮೇಲೆ ನಾಟಕ, ಯಕ್ಷಗಾನ, ವಿಶುಕುಮಾರ್ ನಿರ್ದೇಶಿಸಿದ 1973ರ ತುಳು ಚಲನಚಿತ್ರವೂ ಬಂದವು. ಇಷ್ಟಾದ ಮೇಲೆ ದಾಖಲಾದ ಯಾವುದೇ ಪಾಠದಲ್ಲಿ ಗದ್ದೆಯಿಂದ ಬಂದದ್ದು ಎಷ್ಟು, ಪುಸ್ತಕ ಮತ್ತು ಪರದೆಯಿಂದ ಮರಳಿ ಬಂದದ್ದು ಎಷ್ಟು ಎಂದು ಕೇಳಿಕೊಳ್ಳಲೇಬೇಕು. 1924 ಸೂಚಿಯಲ್ಲಿ ಒಂದು ಗಡಿಗೆರೆ.

ಶಾಸ್ತ್ರೀಯ ಸಂಗ್ರಹ

ವಿಶ್ವವಿದ್ಯಾಲಯದ ಶಿಸ್ತಿನಲ್ಲಿ ಕೆಲಸ ನಡೆದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಅಮೃತ ಸೋಮೇಶ್ವರರ ಪಾಡ್ದನ ಸಂಗ್ರಹ, ಬಿ.ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ (1985), ವಾಮನ ನಂದಾವರರ ಕೋಟಿ ಚೆನ್ನಯ ಅಧ್ಯಯನ ಈ ದಾರಿಯ ಮುಖ್ಯ ಹೆಜ್ಜೆಗಳು. ಬನ್ನಂಜೆ ಬಾಬು ಅಮೀನ್ ಮತ್ತು ಮೋಹನ್ ಕೋಟ್ಯಾನ್ 1990ರಲ್ಲಿ ತುಳುನಾಡಿನ ಗರಡಿಗಳ ಸಾಂಸ್ಕೃತಿಕ ಅಧ್ಯಯನವನ್ನು ಹೊರತಂದರು. ಹಾಡಿನ ಸೂಚಿಗೆ ಇದು ಸ್ಥಳಗಳ ನಕ್ಷೆಯನ್ನು ಒದಗಿಸಿತು. ದಾಮೋದರ ಕಲ್ಮಾಡಿಯವರ ಪಾಡ್ದನ ಸಂಪುಟ ಈ ಕಥೆಯ ವಿಸ್ತಾರವಾದ ಪಾಠವನ್ನು ಅಚ್ಚಿಗೆ ತಂದಿತು.

ಒಂದು ಪಾಡ್ದನವನ್ನು ಹೇಗೆ ದಾಖಲಿಸಬೇಕು ಎಂಬುದಕ್ಕೆ ಅಳತೆಗೋಲಾದದ್ದು ಪಕ್ಕದ ಬೆಳ್ತಂಗಡಿ ತಾಲೂಕಿನ ಸಿರಿ ಪಾಡ್ದನ. ಫಿನ್‌ಲ್ಯಾಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಂದಿಗೆ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ 1990ರಲ್ಲಿ ಅದನ್ನು ಪಡೆದರು. 15,683 ಸಾಲಿನ ಆ ಪಾಠ 1998ರಲ್ಲಿ ಪ್ರಕಟವಾಯಿತು. ಅಲ್ಲಿ ಹಾಡುಗಾರನ ಹೆಸರು ಕೃತಿಯ ಭಾಗ, ಅಡಿಟಿಪ್ಪಣಿಯಲ್ಲ.

ಸೂಚಿಯ ವಿಧಾನ

ಪಾಠಗಳನ್ನು ವರ್ಗ ಮಾಡುವಾಗ ಹಾಡುಗಾರರ ಹೆಸರು ಮತ್ತು ಸಮುದಾಯ, ಊರು, ಸಂದರ್ಭ (ಗರಡಿಯೇ, ಗದ್ದೆಯೇ, ಸಂಗ್ರಾಹಕರ ಕೋರಿಕೆಯೇ), ದಾಖಲೆಯ ರೂಪ (ಕೈಬರಹ, ಧ್ವನಿಸುರುಳಿ, ಅಚ್ಚು) ಇವನ್ನು ಬೇರೆ ಬೇರೆ ಗುರುತಿಸಬೇಕಾಗುತ್ತದೆ. ಆಮೇಲೆ ಘಟನೆಗಳ ಪಟ್ಟಿ: ದೇಯಿಯ ಕಥೆ, ಬಲ್ಲಾಳನ ಚಿಕಿತ್ಸೆ, ಗದ್ದೆಯ ಜಗಳ, ಸುಂಕದ ಕಟ್ಟೆ, ಅಕ್ಕನ ಭೇಟಿ, ಪಂಜದ ಸೆರೆ, ಹಂದಿಬೇಟೆ, ಎಣ್ಮೂರಿನ ಕಾಳಗ. ಯಾವ ಪಾಠದಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದು ಹೀಗೆ ಒಂದೇ ನೋಟಕ್ಕೆ ಸಿಗುತ್ತದೆ. ಬಿಟ್ಟುಹೋದ ಘಟನೆಯನ್ನೆಲ್ಲ ‘ನಷ್ಟ’ ಎಂದು ಬರೆಯುವಂತಿಲ್ಲ. ನಾಟಿ ಮುಗಿದದ್ದರಿಂದ ಹಾಡು ನಿಂತಿರಬಹುದು.

ಅಳಿದದ್ದು

ಹಸ್ತಪ್ರತಿಗೆ ಗೆದ್ದಲು ಹಿಡಿಯುತ್ತದೆ, ಪಾಡ್ದನಕ್ಕೆ ಸಂದರ್ಭ ತಪ್ಪುತ್ತದೆ. ಪುತ್ತೂರು–ಸುಳ್ಯ ಭಾಗದಲ್ಲಿ ಬಯಲುಗದ್ದೆಗಳು ಅಡಕೆ ತೋಟಗಳಾದವು, ಗುಡ್ಡಗಳಿಗೆ ರಬ್ಬರ್ ಬಂತು, ಉಳಿದ ಗದ್ದೆಗೆ ನಾಟಿ ಯಂತ್ರ ಇಳಿಯಿತು. ನೇಜಿಯ ಸಾಲು ಚದುರಿದಾಗ ಸೊಲ್ಲು ಎತ್ತುವವಳಿಗೆ ಮರುದನಿ ಕೊಡುವವರು ಇಲ್ಲವಾದರು. ಗರಡಿಗಳ ನೇಮ ನಿಂತಿಲ್ಲ. ಆದ್ದರಿಂದ ಆರಾಧನೆಯ ಪಾಠಗಳು ಇನ್ನೂ ಕಿವಿಗೆ ಬೀಳುತ್ತವೆ. ಹೆಚ್ಚು ಕಳೆದುಹೋದದ್ದು ಹೆಂಗಸರ ಗದ್ದೆ ಪಾಠಗಳು. ಸೂಚಿಯ ಅತಿ ಉದ್ದದ ವಿಭಾಗ ಅವರದ್ದಾಗಬೇಕಿತ್ತು. ಅಲ್ಲಿ ಈಗ ತುಂಬಲು ಉಳಿದಿರುವುದು ಹೆಚ್ಚಾಗಿ ಗದ್ದೆಗಳ ಹೆಸರು.