ಉದ್ಯಾವರದ ವಿಠಲಾಚಾರ್ಯರನ್ನು ನಾವು ಮರೆತದ್ದು ಹೇಗೆ?

ಕೆರಾಡಿಯ ರಿಷಬ್ ಶೆಟ್ಟರ 'ಕಾಂತಾರ' 2022ರಲ್ಲಿ ಬಂದ ಮೇಲೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಬದಿಯಲ್ಲಿ ಸಿನಿಮಾ ಮಾತೆಂದರೆ ಅದೇ. ಓದಿಕೊಂಡ ಹಿರಿಯರು ಕೋಟದ ಶಿವರಾಮ ಕಾರಂತರು ಮೂಕಿ ಚಿತ್ರ ತೆಗೆದದ್ದನ್ನೂ ನೆನಪಿಸುತ್ತಾರೆ. ಇವರಿಬ್ಬರ ನಡುವಿನ ಬಿ. ವಿಠಲಾಚಾರ್ಯರ ಹೆಸರು ಮಾತ್ರ ನಮ್ಮಲ್ಲಿ ಕೇಳುವುದೇ ಅಪರೂಪ. ಆಂಧ್ರದಲ್ಲಿ ಅವರು 'ಜಾನಪದ ಬ್ರಹ್ಮ'.

ಉಡುಪಿ ಪಕ್ಕದ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿದವರು. ಓದಿದ್ದು ಮೂರನೇ ಕ್ಲಾಸು. ಹುಚ್ಚು ಮಾತ್ರ ನಾಟಕ, ಯಕ್ಷಗಾನ, ಬಯಲಾಟದ್ದು. ಊರಿನ ಮಕ್ಕಳು ಹೊಟ್ಟೆಪಾಡಿಗೆ ಘಟ್ಟ ಹತ್ತುತ್ತಿದ್ದ ಕಾಲ. ಇವರೂ ಸಣ್ಣ ಪ್ರಾಯದಲ್ಲೇ ಅರಸೀಕೆರೆ ಸೇರಿದರು. ಸಿಕ್ಕ ಕೆಲಸ ಮಾಡಿ, ಕೊನೆಗೆ ಅಲ್ಲೊಂದು ಉಡುಪಿ ಹೋಟೆಲಿನ ಯಜಮಾನರಾದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದರು.

ಆಮೇಲೆ ಗೆಳೆಯರೊಟ್ಟಿಗೆ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಟೂರಿಂಗ್ ಟಾಕೀಸ್ ನಡೆಸಿದರು. ಅವರ ನಿಜವಾದ ಶಾಲೆ ಇದೇ ಎಂದು ನಮ್ಮ ಅಂದಾಜು. ಜನ ಎಲ್ಲಿ ಶಿಳ್ಳೆ ಹೊಡೆಯುತ್ತಾರೆ, ಎಲ್ಲಿ ಎದ್ದು ಬೀಡಿ ಹಚ್ಚಲು ಹೋಗುತ್ತಾರೆ ಎಂದು ಟೆಂಟಿನ ಯಜಮಾನನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮೈಸೂರಿಗೆ ಹೋಗಿ ಡಿ. ಶಂಕರ್ ಸಿಂಗ್ ಮುಂತಾದವರ ಜೊತೆ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. 'ನಾಗಕನ್ನಿಕಾ' (1949), 'ಜಗನ್ಮೋಹಿನಿ' (1951) ಅಲ್ಲಿಂದಲೇ ಬಂದವು. 1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ಕ್ಕೆ ಅವರೇ ನಿರ್ದೇಶಕ. ಸ್ವಂತ ಕಂಪನಿ ಮಾಡಿ 1954ರಲ್ಲಿ 'ರಾಜ್ಯಲಕ್ಷ್ಮಿ' ತೆಗೆದರು. ಬಳಿಕ ಮದರಾಸು, ತೆಲುಗು. ಎನ್.ಟಿ. ರಾಮರಾವ್, ಕಾಂತಾರಾವ್ ಕತ್ತಿ ಹಿಡಿದು 'ಬಂದಿಪೋಟು' (1963), 'ಅಗ್ಗಿ ಪಿಡುಗು' (1964) ಎಂದು ಸಾಲು ಸಾಲು ಚಿತ್ರಗಳು. ನಿರ್ಮಿಸಿದ್ದು, ನಿರ್ದೇಶಿಸಿದ್ದು ಸೇರಿದರೆ 50 ದಾಟುತ್ತದೆ.

ಅಮೆರಿಕದ ಡಿ.ಡಬ್ಲ್ಯು. ಗ್ರಿಫಿತ್ 1908ರಿಂದ 1913ರೊಳಗೆ 400ಕ್ಕೂ ಹೆಚ್ಚು ಕಿರುಚಿತ್ರ ತೆಗೆದದ್ದನ್ನು ಸಿನಿಮಾ ಪಾಠದಲ್ಲಿ ಹೇಳಿಕೊಡುತ್ತಾರೆ. ವಿಠಲಾಚಾರ್ಯರ ವೇಗಕ್ಕೆ ಮಾತ್ರ 'ಅಗ್ಗದ ಸಿನಿಮಾ' ಎಂಬ ಹಣೆಪಟ್ಟಿ. ಖರ್ಚಿನಲ್ಲಿ ಅವರು ಬಿಗಿ, ಹೇಳಿದ ದಿನಕ್ಕೆ ಶೂಟಿಂಗ್ ಮುಗಿಯಬೇಕು. ನಟ ಹೆಚ್ಚು ದುಡ್ಡು ಕೇಳಿದರೆ ಕಥೆಯಲ್ಲಿ ಋಷಿಯಿಂದ ಶಾಪ ಕೊಡಿಸಿ ಗಿಳಿಯನ್ನೋ ಕುರಿಯನ್ನೋ ಮಾಡಿ, ಉಳಿದ ಚಿತ್ರವನ್ನು ಆ ಪ್ರಾಣಿಯಿಂದಲೇ ಮುಗಿಸುತ್ತಿದ್ದರು ಎಂಬ ತಮಾಷೆಯ ಕಥೆ ಚಿತ್ರರಂಗದಲ್ಲಿ ಈಗಲೂ ಓಡಾಡುತ್ತದೆ. ಹೋಟೆಲ್ ಗಲ್ಲೆಯಲ್ಲಿ ಕೂತವರ ಲೆಕ್ಕ ಹಾಗೇ ಇರುವುದು!

ಆದರೆ ರೂಪ ಬದಲಾಗುವ ಆ ಮಾಯೆ ನಮಗೆ ಹೊಸತಲ್ಲ. ಮಂದಾರ್ತಿ ಮೇಳದ ಆಟ ನೋಡಿದವರಿಗೆ ಗೊತ್ತು: ಘೋರ ಶೂರ್ಪನಖಿ ಒಳಗೆ ಹೋದರೆ ಮಾಯಾ ಶೂರ್ಪನಖಿಯಾಗಿ ಬರುವುದು ಬೇರೆ ವೇಷಧಾರಿ. ಸಿನಿಮಾದ ಹಳೆಯ ಟ್ರಿಕ್ಕೂ ಅದೇ. ಕ್ಯಾಮರಾ ನಿಲ್ಲಿಸಿ, ಒಬ್ಬರನ್ನು ಸರಿಸಿ, ಇನ್ನೊಬ್ಬರನ್ನು ನಿಲ್ಲಿಸಿ, ಮತ್ತೆ ಓಡಿಸುವುದು. ದೈವದ ಕಥೆಗೆ ಇಂದು ದೇಶವೇ ಕೈಮುಗಿದರೆ, ಅವರ ಭೂತ ಪ್ರೇತಗಳಿಗೆ ಪಂಡಿತರು ನಕ್ಕಿದ್ದರು. ಜನ ಟಿಕೆಟ್ ತೆಗೆದುಕೊಂಡರು. 1978ರಲ್ಲಿ 'ಜಗನ್ಮೋಹಿನಿ' ಎಂಬ ಅದೇ ಹೆಸರಿನಲ್ಲಿ ತೆಲುಗು ಚಿತ್ರ ಮಾಡಿ ಮತ್ತೆ ಗೆದ್ದರು.

1999ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಮೊಬೈಲಿನಲ್ಲಿ ಹುಡುಕಿದರೆ ತೆಲುಗಿನ 'ಜಗನ್ಮೋಹಿನಿ' ಸಿಗುತ್ತದೆ. ಮನೆಯ ಮಕ್ಕಳಿಗೂ ತೋರಿಸಿ, ಭಾಷೆ ತಿಳಿಯದಿದ್ದರೂ ಕೂತು ನೋಡುತ್ತಾರೆ.