ಅನೇಕ–ಅನೇಕ ಸಂಬಂಧ
ಒಬ್ಬ ವಿದ್ಯಾರ್ಥಿ ಹಲವು ಕೋರ್ಸುಗಳಿಗೆ, ಒಂದು ಕೋರ್ಸಿಗೆ ಹಲವು ವಿದ್ಯಾರ್ಥಿಗಳು ಸೇರುವಂಥ ನಂಟನ್ನು ಡೇಟಾಬೇಸ್‌ನಲ್ಲಿ ಅನೇಕ–ಅನೇಕ ಸಂಬಂಧ ಎನ್ನುತ್ತಾರೆ. ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿಯನ್ನು ಅನುಸರಿಸುವ ವಿನ್ಯಾಸದಲ್ಲಿ ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಮೌಲ್ಯವಿರಬೇಕು. ಆದ್ದರಿಂದ ವಿದ್ಯಾರ್ಥಿಗಳ ಮತ್ತು ಕೋರ್ಸುಗಳ ಎರಡೂ ಕೋಷ್ಟಕಗಳ ಕೀಲಿಗಳನ್ನು ಜೋಡಿಯಾಗಿ ದಾಖಲಿಸುವ ಮೂರನೆಯ ಕೋಷ್ಟಕ ಬೇಕಾಗುತ್ತದೆ. ಹೆಸರುಗಳನ್ನು ಪಡೆಯಲು ಎಸ್‌ಕ್ಯೂಎಲ್‌ನಲ್ಲಿ ಇದರ ಮೂಲಕ ಎರಡು ಜಾಯಿನ್ ಮಾಡಬೇಕು.

ಗಣಿತ ಅಥವಾ ಭೌತಶಾಸ್ತ್ರ ಓದುವವರನ್ನು ಹುಡುಕುವುದು ಸುಲಭ. ಎರಡನ್ನೂ ಓದುವವರನ್ನು ಹುಡುಕುವುದೇ ನಿಜವಾದ ಸವಾಲು. ವೇರ್ ಷರತ್ತು ಸಾಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಒಂದು ಸಾಲಿನಲ್ಲಿರುವುದು ಒಂದೇ ಕೋರ್ಸು. ಹೀಗಾಗಿ ಎರಡು ಷರತ್ತುಗಳನ್ನು ಆ್ಯಂಡ್‌ನಿಂದ ಸೇರಿಸಿದರೆ ಯಾವ ಸಾಲೂ ಸಿಗದು. ಆ ಎರಡು ಕೋರ್ಸುಗಳ ಸಾಲುಗಳನ್ನು ವಿದ್ಯಾರ್ಥಿವಾರು ಗುಂಪು ಮಾಡಿ, ಎಣಿಕೆ 2 ಇರುವ ಗುಂಪುಗಳನ್ನು ಹ್ಯಾವಿಂಗ್‌ನಿಂದ ಆರಿಸುವುದು ಸರಿಯಾದ ದಾರಿ. ಯಾವ ಕೋರ್ಸಿಗೂ ಸೇರದವರೂ ಪಟ್ಟಿಯಲ್ಲಿ ಕಾಣಬೇಕಾದರೆ ಲೆಫ್ಟ್ ಜಾಯಿನ್ ಬಳಸಬೇಕು.